ಭಾವನ ಸ್ಯಾಕ್ಸೋಫೋನೂ ಎಂಜಲಿನ ಮಡಿಯೂ

ಎಂಜಲಿನ ವಿಷಯದಲ್ಲಿ ನಮ್ಮ ಊರಿನವರು ಬಹಳ ಕಟ್ಟುನಿಟ್ಟು ಮಾರಾಯ್ರೆ. ಚೊಂಬನ್ನು ಗೇಣೆತ್ತರಕ್ಕೆ ಹಿಡಿದು, ತುಟಿಗೆ ತಾಗಿಸದೆ ನೀರು ಕುಡಿಯುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಮದುವೆ ಚಪ್ಪರದಲ್ಲಿ ನಮ್ಮ ಸ್ಯಾಕ್ಸೋಫೋನಿನ ಭಾವ ಹೋಳಿಗೆ ತಿಂದು, ಪಾಯಸ ಸುರಿದು, ಕೈ ಮಾತ್ರ ತೊಳೆದು ಬಂದು ವಾದ್ಯಕ್ಕೆ ಬಾಯಿ ಹಾಕಿದರೆ ಯಾರದೂ ತಕರಾರಿಲ್ಲ. ಅವರಿಗೆ ಉಬ್ಬಸ ಬಂತೆಂದರೆ ಶಿಷ್ಯ ಅದೇ ರೀಡಿಗೆ ಬಾಯಿ ಹಾಕುತ್ತಾನೆ. ಅಲ್ಲಿ ಎಂಜಲಿಲ್ಲ, ಬರೀ ಕಲ್ಯಾಣಿ ರಾಗ!

ಕದ್ರಿ ಗೋಪಾಲನಾಥರ ಪುಣ್ಯ, ನಮ್ಮ ಕಡೆ ಸ್ಯಾಕ್ಸೋಫೋನಿಲ್ಲದೆ ಮುಹೂರ್ತವೇ ಕೂಡಿಬರುವುದಿಲ್ಲ. ಭಾವನ ವಾದ್ಯದ ಹೊರಮೈಯನ್ನು ನೀವು ನೋಡಬೇಕು, ಅದರಲ್ಲಿ ಮುಖ ನೋಡಿ ತಲೆ ಬಾಚಬಹುದು. ಒಳಗೆ? ಮೌತ್‌ಪೀಸ್ ಕಳಚಿ ಮೂಗಿಗೆ ಹಿಡಿದರೆ ಆಟಿ ತಿಂಗಳಿಡೀ ಮೂಲೆಯಲ್ಲಿ ಬಿದ್ದ ಒದ್ದೆ ಚಪ್ಪಲಿಯ ಪರಿಮಳ. ಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಬೇರೆ.

“ಅದು ಸಾಧನೆಯ ಗುರುತು” ಎಂದರು ಭಾವ.

ಆಗ ನಾನು ಅವರಿಗೆ ಇಂಗ್ಲೆಂಡಿನ ಬ್ಯಾಗ್‌ಪೈಪಿನವರ ಕಥೆ ಹೇಳಬೇಕಾಯಿತು. 61 ವರ್ಷದ ಮನುಷ್ಯ, ದಿನಾ ಊದುವವರು. 7 ವರ್ಷದಿಂದ ಒಣಕೆಮ್ಮು, ನಾಲ್ಕು ಹೆಜ್ಜೆಗೆ ಏದುಸಿರು. ಮದ್ದು ಬದಲಾಯಿಸಿದರೂ ಬಗ್ಗಲಿಲ್ಲ. ನಡುವೆ ಮೂರು ತಿಂಗಳು ಆಸ್ಟ್ರೇಲಿಯಾಕ್ಕೆ ಹೋದರು, ಬ್ಯಾಗ್‌ಪೈಪ್ ಮನೆಯಲ್ಲೇ ಉಳಿಯಿತು. ಕೆಮ್ಮೂ ಇಳಿಯಿತು! ವಾದ್ಯದ ಒಳಗನ್ನು ಪರೀಕ್ಷಿಸಿದ ವೈದ್ಯರಿಗೆ ಸಿಕ್ಕಿದ್ದು ಬಗೆಬಗೆಯ ಬೂಷ್ಟಿನ ಸಂಸಾರ. ಪೆನಿಸಿಲಿಯಮ್, ಫ್ಯುಸೇರಿಯಮ್, ಇನ್ನೂ ಏನೇನೋ. ಊದುವಾಗೆಲ್ಲ ಅದರ ಕಣ ಎದೆಗಿಳಿದು, ಶ್ವಾಸಕೋಶ ಅದರ ಮೇಲೆ ಸಿಟ್ಟಾಗಿ ಊದಿಕೊಂಡು ಗಟ್ಟಿಯಾಗಿರಬೇಕು ಎಂದು ಅವರ ತೀರ್ಮಾನ. ಆ ಮನುಷ್ಯ 2014ರಲ್ಲಿ ತೀರಿಹೋದರು. ಮ್ಯಾಂಚೆಸ್ಟರಿನ ವೈದ್ಯರು ಇದನ್ನು 2016ರಲ್ಲಿ ‘ಥೋರಾಕ್ಸ್’ ಪತ್ರಿಕೆಯಲ್ಲಿ ಬರೆದರು.

“ಅದು ಚೀಲದ ವಾದ್ಯ, ನನ್ನದು ಹಿತ್ತಾಳೆ” ಎಂದು ಭಾವ ಮೀಸೆ ತಿರುವಿದರು. ಸ್ಯಾಕ್ಸೋಫೋನಿನವರಿಗೂ ಟ್ರಂಬೋನಿನವರಿಗೂ ಇದೇ ಕಾಯಿಲೆ ಬಂದದ್ದು ವೈದ್ಯರ ಪತ್ರಿಕೆಗಳಲ್ಲಿದೆ ಎಂದೆ. ಮೀಸೆ ತುಸು ಕೆಳಗಿಳಿಯಿತು.

ಇಳಿದದ್ದೇ ತಡ, ಇನ್ನೊಂದು ತುದಿಗೆ ಹೋದರು. “ಹಾಗಾದರೆ ಎಲ್ಲವನ್ನೂ ಹಂಡೆಯ ಕುದಿನೀರಿಗೆ ಹಾಕಿಬಿಡುತ್ತೇನೆ!” ಬೇಡ ಭಾವ! ಮೌತ್‌ಪೀಸ್ ಎಬೊನೈಟಿನದು, ಕುದಿನೀರಿಗೆ ಬಣ್ಣಗೆಟ್ಟು ಗಂಧಕದ ನಾತ ಹೊಡೆಯುತ್ತದೆ. ಉಗುರುಬೆಚ್ಚಗಿನ ನೀರು, ಚೂರು ಸೋಪು, ಮಕ್ಕಳ ಮೆತ್ತನೆಯ ಬ್ರಷ್ ಸಾಕು. ವಾದ್ಯವನ್ನಂತೂ ನೀರಿಗೆ ಇಳಿಸಲೇಬಾರದು, ಕೀಗಳ ಅಡಿಯ ಚರ್ಮದ ಪ್ಯಾಡ್ ಉಬ್ಬಿ ಹಾಳಾಗುತ್ತದೆ. ದಾರಕ್ಕೆ ಕಟ್ಟಿದ ಬಟ್ಟೆಯನ್ನು ಒಳಗಿನಿಂದ ಎಳೆದು ಪಸೆ ತೆಗೆಯಬೇಕು. ರೀಡನ್ನು ಬಿಚ್ಚಿ ಒರೆಸಿ ಬೇರೆಯಾಗಿ ಒಣಗಿಸಬೇಕು. ಭಾವ ಮಾಡುವುದೇನು? ಕೊನೆಯ ಮಂಗಳ ಊದಿದ್ದೇ ಒದ್ದೆ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕುವುದು. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಬಿಡಾರ ಬೇಕೆ?

ಅದಕ್ಕೆ ಹೋಲಿಸಿದರೆ ಹಳೆಯ ನಾಗಸ್ವರದವರೇ ಜಾಣರು. ವಾದ್ಯಕ್ಕೇ ಬಿಡಿ ಪೀಪಿಗಳನ್ನೂ ಅವನ್ನು ಸರಿಮಾಡುವ ದಂತದ ಕಡ್ಡಿಯನ್ನೂ ತೂಗುಹಾಕಿಕೊಂಡಿರುತ್ತಾರೆ.

ಮದುವೆ ಮಾಡಿಸುವ ಯಜಮಾನರಲ್ಲಿ ನನ್ನದೊಂದು ವಿನಂತಿ: ವಾದ್ಯದವರಿಗೆ ಎರಡನೇ ಸಲ ಪಾಯಸ ಬಡಿಸುವಾಗ, ಬಾಯಿ ಮುಕ್ಕಳಿಸಲು ಒಂದು ಲೋಟ ಬಿಸಿನೀರನ್ನೂ ಒತ್ತಾಯ ಮಾಡಿ ಕೊಡಿ. ಶಿಷ್ಯನಿಗೆ ಬೇರೆ ರೀಡಿನ ಖರ್ಚು ಭಾವನ ಲೆಕ್ಕಕ್ಕೆ ಬರೆಯಿರಿ.