ಪರದೆ ಏಳುವ ಮುನ್ನ

ಬ್ರಾಡ್‌ವೇ ಸಂಗೀತ ನಾಟಕದ ಪ್ರೇಕ್ಷಕನಿಗೆ ಓವರ್ಚರ್, ಅಂದರೆ ಪರದೆ ಏಳುವ ಮುನ್ನ ನುಡಿಸುವ ವಾದ್ಯಸಂಗೀತ, ಎಂದರೆ ಸೀಟು ಹುಡುಕುವ ಸಮಯ. ವಾದ್ಯವೃಂದ ಮೊಳಗುತ್ತಿರುವಾಗ ಈತ ಕಂಡವರ ಕಾಲ್ಬೆರಳು ತುಳಿದು, ತಪ್ಪು ಸಾಲಿನಲ್ಲಿ ಕುಕ್ಕರಿಸುತ್ತಾನೆ. ಸದ್ದಾಗದಿರಲೆಂದು ಪೆಪ್ಪರ್‌ಮಿಂಟಿನ ಕಾಗದವನ್ನು ನಿಧಾನವಾಗಿ ಬಿಚ್ಚುತ್ತಾ, ಆ ಚರಪರವನ್ನು ಕೊನೆಯ ಸ್ವರದವರೆಗೂ ಎಳೆಯುತ್ತಾನೆ. ಈ ಹರಟೆಗಾರನೂ ಅದೇ ಜಾತಿ. ಮನೆಯಲ್ಲಿ ಧ್ವನಿಮುದ್ರಿಕೆ ಕೇಳುವಾಗಲೂ ಸರಿಯಾಗಿ ಓವರ್ಚರಿಗೇ ಕಾಫಿ ತರಲು ಏಳುತ್ತಾನೆ.

ಇಂಥವರಿಗೆ ಮದ್ದೆಂಬಂತೆ ಸಂಯೋಜಕ ರಿಚರ್ಡ್ ರಾಜರ್ಸ್ 1945ರ ‘ಕ್ಯಾರೊಸೆಲ್’ನಲ್ಲಿ ಓವರ್ಚರನ್ನೇ ಕೈಬಿಟ್ಟರು. ವಾಲ್ಟ್ಸ್ ಜತೆಗೇ ಪರದೆ ಮೇಲಕ್ಕೆ, ಜಾತ್ರೆಯ ಮೂಕಾಭಿನಯ ಕಣ್ಣೆದುರಿಗೆ. ತಡವಾದವನಿಗೆ ಕಥೆಯೇ ಖೋತಾ!

ಇನ್ನೊಬ್ಬ ಸಂಯೋಜಕ ಜೂಲ್ ಸ್ಟೈನ್ ಅವರ ದಾರಿ ಬೇರೆ. 1959ರ ‘ಜಿಪ್ಸಿ’ಯಲ್ಲಿ ಓವರ್ಚರಿನ ನಡುವೆ ಟ್ರಂಪೆಟ್ ಒಂದು ಎಂಥ ವೈಯಾರ ಮಾಡುತ್ತದೆಂದರೆ, ನಟಿ ಬರುವ ಮೊದಲೇ ಚಪ್ಪಾಳೆ ಅದರ ಪಾಲು.

ಪಾಪ, ಸಂಯೋಜಕ ಬರ್ನ್‌ಸ್ಟೈನರ 1956ರ ‘ಕ್ಯಾಂಡಿಡ್’ ಬ್ರಾಡ್‌ವೇಯಲ್ಲಿ 73 ಪ್ರದರ್ಶನಕ್ಕೇ ಗಂಟುಮೂಟೆ ಕಟ್ಟಿತು. ಅದರ ಓವರ್ಚರ್ ಮಾತ್ರ ನಾಟಕದ ಹಂಗು ಹರಿದುಕೊಂಡು ಇಂದಿಗೂ ಸಿಂಫನಿ ಕಛೇರಿಗಳಲ್ಲಿ ಮೆರೆಯುತ್ತಿದೆ.