ತಲೆ ನೋಡುವ ದೊಡ್ಡಮ್ಮ

ನಮ್ಮ ಕಡೆ ಮಗುವಿನ ಮುಖವನ್ನು ಮೊದಲು ನೋಡುವವರು ಕಡಿಮೆ. ತಲೆ ನೋಡುತ್ತಾರೆ. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವಾಗ, ಬೆಳ್ತಂಗಡಿಯ ಸಂತೆಯಲ್ಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೆಟ್ಟಿಲಲ್ಲಿ, ಎಲ್ಲಿಂದಲೋ ಒಂದು ಕೈ ಬಂದು ಕೂಸಿನ ಟೊಪ್ಪಿ ಎತ್ತುತ್ತದೆ. ಕೈಯ ಹಿಂದೆ ಒಬ್ಬರು ದೊಡ್ಡಮ್ಮ ಇರುತ್ತಾರೆ. “ಎಂತದು ಇದು ತಲೆಯಲ್ಲಿ? ಸಮ ಮೀಯಿಸುವುದಿಲ್ವಾ?”

ಇಂಥವರಿಗೆ ರಕ್ತಸಂಬಂಧ ಬೇಕೆಂದೇನೂ ಇಲ್ಲ. ನಮ್ಮ ಪಾಲಿಗೆ ಬಂದವರು ಮಾತ್ರ ಸಂಬಂಧಿಕರೇ, ಬಂಟ್ವಾಳದವರು. ಅವರ ಪಂಚಾಂಗ ಶುರುವಾಗುವುದು 1974ರ ನೆರೆಯಿಂದ. ನೇತ್ರಾವತಿ ಪೇಟೆಗೆ ನುಗ್ಗಿದ ಆ ವರ್ಷಕ್ಕೆ ಮೊದಲು ಹುಟ್ಟಿದವರು, ನಂತರ ಹುಟ್ಟಿದವರು ಎಂದು ಮನುಷ್ಯಜಾತಿಯನ್ನು ಎರಡು ಪಾಲು ಮಾಡಿದ್ದಾರೆ. ನಂತರದವರಿಗೆ ಏನೂ ತಿಳಿಯುವುದಿಲ್ಲ. ನಾನು ನಂತರದವನು. ಚೀಲದಲ್ಲಿ ಸದಾ ಎಣ್ಣೆ ಕುಪ್ಪಿ. ಯಾರ ಮನೆಯ ಚಾ ಕುಡಿದರೂ ಸಕ್ಕರೆ ಜಾಸ್ತಿ.

ಮಗನಿಗೆ ಒಂದೂವರೆ ವರ್ಷ ದಾಟಿದರೂ ನೆತ್ತಿಯಲ್ಲಿ ಹಳದಿ ಹಕ್ಕಳೆ ಉಳಿದಿತ್ತು. ಎಣ್ಣೆಪಸೆಯ, ಬುಡಕ್ಕೆ ಅಂಟಿಕೊಂಡ, ಕೆರೆದರೆ ಹೊಟ್ಟಾಗಿ ಉದುರುವ ಹಕ್ಕಳೆ. ಅವನಿಗೆ ತುರಿಕೆಯಿಲ್ಲ, ಅಳುವಿಲ್ಲ. ಚಿಂತೆಯೆಲ್ಲ ಊರಿಗೆ.

ಮೂಡುಬಿದಿರೆಯಲ್ಲೊಂದು ಮದುವೆ. ಪಂಕ್ತಿಯಲ್ಲಿ ಸಾರು ಬರುವ ಹೊತ್ತಿಗೆ ದೊಡ್ಡಮ್ಮ ಎದುರಿನ ಸಾಲಿನಿಂದ ಎದ್ದು ಬಂದರು, ಟೊಪ್ಪಿ ತೆಗೆದರು, “ನೋಡಿ ಇಲ್ಲಿ” ಎಂದು ಕೂಸನ್ನೆತ್ತಿ ಎಲ್ಲರಿಗೂ ತೋರಿಸಿದರು. ಪಂಕ್ತಿ ನೋಡಿತು. ಬೆಳ್ತಂಗಡಿ ಕಡೆಯವರೊಬ್ಬರು ದಾಸವಾಳದ ಗೊಂಪು ಹಾಕಿ ಎಂದರು. ಮೂಡುಬಿದಿರೆಯವರು ಕಹಿಬೇವು ಎಂದರು. ಇಂಗ್ಲಿಷ್ ಮದ್ದು ಹಾಕಿದರೆ ಮುಂದೆ ಕೂದಲೇ ಬರುವುದಿಲ್ಲ ಎಂದು ಮದುಮಗನ ಸೋದರಮಾವ ತಮ್ಮ ಬೋಳುತಲೆಯನ್ನೇ ಮುಂದೆ ಮಾಡಿದರು. ಈ ಚರ್ಚೆಯ ನಡುವೆ ಪಾಯಸ ಬಂದು ಹೋಯಿತು, ನಮ್ಮ ಎಲೆಗೆ ಬೀಳಲಿಲ್ಲ. ನನ್ನ ಹೆಂಡತಿ ತಲೆ ತಗ್ಗಿಸಿ ಉಪ್ಪಿನಕಾಯಿಯನ್ನೇ ನೋಡುತ್ತಿದ್ದಳು. ಈ ವಿಚಾರಣೆಯಲ್ಲಿ ಆರೋಪಿ ಯಾವತ್ತೂ ತಾಯಿಯೇ. ಅಪ್ಪನನ್ನು ಸಾಕ್ಷಿಗೂ ಕರೆಯುವುದಿಲ್ಲ. ಕರೆಯದವನು ಮಧ್ಯೆ ಬಾಯಿ ಹಾಕಬಾರದೆಂದು ನಾನು ಹಪ್ಪಳ ತಿಂದೆ.

ವೇಣೂರಿನಲ್ಲಿ 1604ರಿಂದ ನಿಂತಿರುವ 35 ಅಡಿಯ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. ಕಳೆದದ್ದು 2024ರಲ್ಲಿ ಆಯಿತು. ನನ್ನ ಮಗನಿಗೆ ದೊಡ್ಡಮ್ಮ ಬಂದ ದಿನವೆಲ್ಲ. ಮೊದಲು ತೆಂಗಿನೆಣ್ಣೆ, ಮೇಲೆ ಅರಸಿನ, ಕೊನೆಗೆ ಹೆಸರುಹಿಟ್ಟು. ಬಾಹುಬಲಿ ಅಲುಗುವುದಿಲ್ಲ. ಇವನು ಕಿರುಚಿ ಓಡುತ್ತಾನೆ, ಗೋಡೆಗೆಲ್ಲ ಎಣ್ಣೆ.

ಕೊನೆಗೆ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಇದು ಕೊಳೆಯಿಂದ ಬರುವುದಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಅಲ್ಲ ಎಂದರು. ಹೆಂಡತಿ ಅಲ್ಲೇ ಅರ್ಧ ಗುಣವಾದಳು. ಹುಟ್ಟುವ ಮೊದಲು ತಾಯಿಯಿಂದ ಬಂದ ಹಾರ್ಮೋನುಗಳಿಂದ ಕೂಸಿನ ನೆತ್ತಿಯ ಎಣ್ಣೆಗ್ರಂಥಿಗಳು ಜಾಸ್ತಿ ಕೆಲಸ ಮಾಡುತ್ತವಂತೆ. ದೊಡ್ಡವರ ಚರ್ಮದಲ್ಲೂ ಇರುವ ಮಲಾಸೆಜಿಯಾ ಎಂಬ ಶಿಲೀಂಧ್ರ ಅಲ್ಲಿ ಬೆಳೆಯುತ್ತದಂತೆ. ಹೆಚ್ಚಿನ ಮಕ್ಕಳಿಗೆ ವರ್ಷ ತುಂಬುವಷ್ಟರಲ್ಲಿ ತಾನಾಗಿ ಹೋಗುತ್ತದೆ, ಕೆಲವರಿಗೆ ತಡ. “ಎಣ್ಣೆ ಹಚ್ಚಿ ಹಾಗೇ ಬಿಡಬೇಡಿ, ಆ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಸ್ನಾನಕ್ಕೆ ಸ್ವಲ್ಪ ಮೊದಲು ಹಚ್ಚಿ, ಮೆತ್ತಗಾದ ಮೇಲೆ ಮೆದು ಬ್ರಷ್‌ನಲ್ಲಿ ಬಿಡಿಸಿ, ಮಕ್ಕಳ ಶಾಂಪೂ ಹಾಕಿ ಪೂರ್ತಿ ತೊಳೆಯಿರಿ. ಉಗುರು ಮಾತ್ರ ಹಾಕಬೇಡಿ.”

ಗೆದ್ದವನ ಹಾಗೆ ಹೋಗಿ ದೊಡ್ಡಮ್ಮನಿಗೆ ವರದಿ ಒಪ್ಪಿಸಿದೆ.

“ಯಾರು ಹೇಳಿದ್ದು?”

ಡಾಕ್ಟರ ಹೆಸರು ಹೇಳಿದೆ.

“ಅವನಾ! ಅವನನ್ನು ನಲವತ್ತು ದಿನ ಮೀಯಿಸಿದ್ದು ನಾನು ಮಾರಾಯ. ಅವನ ತಲೆಯಲ್ಲಿ ಇದಕ್ಕಿಂತ ಜಾಸ್ತಿ ಇತ್ತು.”

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

ಒಂದು ಮಾತು ಹೇಳಲೇಬೇಕು. ಮಗ ಓಡುವುದು ಅವರ ಕೈಗೆ ಸಿಕ್ಕುವ ತನಕ. ಸಿಕ್ಕಿದ ಮೇಲೆ, ಅವರು ನೆಲದಲ್ಲಿ ಕಾಲು ನೀಡಿ ಕೂತು ಕೂಸನ್ನು ಕಾಲ ಮೇಲೆ ಕವುಚಿ ಹಾಕಿ ನೆತ್ತಿಗೆ ಬೆರಳಾಡಿಸಿದರೆ, ನಾವಿಬ್ಬರು ಗಂಟೆಗಟ್ಟಲೆ ತಟ್ಟಿದರೂ ಬಾರದ ನಿದ್ದೆ ಅವನಿಗೆ ಬಂದುಬಿಡುತ್ತದೆ. ಬಾಣಂತನವೆಂದರೆ ಊರಿಂದೂರಿಗೆ ಕರೆ ಬರುತ್ತಿದ್ದ ಕೈ ಅದು. ಈಗ ಕರೆಯುವವರಿಲ್ಲ. ಸ್ವಂತ ಮೊಮ್ಮಗಳು ದುಬೈಯಲ್ಲಿದ್ದಾಳೆ. ಭಾನುವಾರ ವಿಡಿಯೊ ಕಾಲ್ ಬಂದರೆ ಊಟ ಆಯಿತಾ ಎಂದು ಕೇಳುವ ಮೊದಲೇ “ತಲೆ ತೋರಿಸು” ಅನ್ನುತ್ತಾರೆ. ಮಗು ತಲೆ ಬಗ್ಗಿಸುತ್ತದೆ. ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ಕಾಣುವುದಿಲ್ಲ. ಆಮೇಲೆ ಸ್ವಲ್ಪ ಹೊತ್ತು ಯಾರ ಚಾದ ಬಗ್ಗೆಯೂ ಏನೂ ಹೇಳುವುದಿಲ್ಲ.

ಈಗ ಮನೆಯಲ್ಲಿ ಒಪ್ಪಂದವಾಗಿದೆ. ಎಣ್ಣೆ ದೊಡ್ಡಮ್ಮನದು, ಶಾಂಪೂ ಹೆಂಡತಿಯದು, ಟವೆಲ್ ಹಿಡಿಯುವುದು ನನ್ನದು. ಹಕ್ಕಳೆ ಹೋಯಿತು. ಯಶಸ್ಸು ಯಾರದೆಂದು ಬಂಟ್ವಾಳದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಅವರಿಗೆ ಅದಾಗಲೇ ತಿಳಿಸಿಯಾಗಿದೆ.

ಎಳೆಮಕ್ಕಳಿರುವವರು ಇಷ್ಟು ನೋಡಿಕೊಳ್ಳಿ. ನೆತ್ತಿ ಕೆಂಪಾಗಿ ನೀರು ಒಸರಿದರೆ, ಮೈಗೆಲ್ಲ ಹಬ್ಬಿದರೆ, ಅಲ್ಲಲ್ಲಿ ಕೂದಲು ಉದುರಿದರೆ ಯಾವ ದೊಡ್ಡಮ್ಮನನ್ನೂ ಕಾಯದೆ ಡಾಕ್ಟರಲ್ಲಿಗೆ ಹೋಗಿ. ಬರೀ ಹಕ್ಕಳೆಯಾದರೆ ಮದುವೆಗೂ ಹೋಗಬಹುದು. ದೊಡ್ಡಮ್ಮಂದಿರು ಕೂರುವುದು ಮೊದಲ ಪಂಕ್ತಿಗೆ, ನೀವು ಎರಡನೆಯದಕ್ಕೆ ಕೂರಿ.