ಹಾರದ ಗುಂಡಿನ ಗೌಡರು

ಹಾಸನ ಜಿಲ್ಲೆಯ ಬಾಳ್ಳುಪೇಟೆ, ಮಗ್ಗೆ, ಹೆತ್ತೂರು, ಯಸಳೂರು, ಯಾವ ಕಡೆ ಹೋದರೂ ಊರಿಗೊಬ್ಬ ಕೋವಿ ಗೌಡರು ಇದ್ದೇ ಇರುತ್ತಾರೆ. ಆರೇಳು ಎಕರೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಅಜ್ಜನ ಕಾಲದ ಕೇಪಿನ ಕೋವಿ. ಪರವಾನಗಿ ಪುಸ್ತಕದಲ್ಲಿ ‘ಬೆಳೆ ರಕ್ಷಣೆಗಾಗಿ’ ಎಂದಿದೆ. ಆನೆ ಕಾಟಕ್ಕೆ ಭತ್ತ ಬೆಳೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ರಕ್ಷಣೆ ಮಾತ್ರ ನಿಂತಿಲ್ಲ.

1972ರ ವನ್ಯಜೀವಿ ಕಾಯ್ದೆ ಗೌಡರಿಗೆ ಬಾಯಿಪಾಠ. ಅವರು ಹೊಡೆದ ಹಂದಿಗಳೆಲ್ಲ ಅದಕ್ಕಿಂತ ಹಿಂದಿನವೇ. ಗೌಡರು ಹುಟ್ಟಿದ್ದು 1965ರಲ್ಲಿ.

ಹಾರಿಸುವಂತಿಲ್ಲ ಎಂದಮೇಲೆ ಉಳಿಯುವುದು ತಯಾರಿ ತಾನೆ? ಪಂಕ್ಚರ್ ಅಂಗಡಿಯಿಂದ ಚಕ್ರದ ತೂಕದ ಸೀಸ ಬರುತ್ತದೆ, ಹಿತ್ತಲ ಒಲೆಯಲ್ಲಿ ಕರಗುತ್ತದೆ, ಅಚ್ಚಿಗಿಳಿಯುತ್ತದೆ. ಅಸಲಿ ಕೆಲಸ ಆಮೇಲಿನದು. ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿ, ಗುಂಡನ್ನು ಅದ್ದಿ, ಎರಡು ಬೆರಳ ನಡುವೆ ಉರುಳಿಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಸಾಸಿವೆಯಷ್ಟು ಬೋಳು ಕಂಡರೂ ಮತ್ತೆ ಅದ್ದುವುದೇ. “ಬರೀ ಸೀಸ ಹೋದ್ರೆ ನಳಿಗೆ ಒಳಗೆ ಮೆತ್ಕತದೆ ಕಣಯ್ಯಾ, ಗುರಿ ತಪ್ತದೆ.”

ಸುಳ್ಳಲ್ಲ, ಆದರೆ ಅದು ರೈಫಲ್ಲಿನ ಸಂಕಟ. ಒಳಗೆ ಸುರುಳಿ ಗೆರೆಯಿದ್ದು ಗುಂಡು ಬಿರುಸಾಗಿ ಹೋಗುವಲ್ಲಿ ಸೀಸ ಮೆತ್ತುತ್ತದೆ. ಅದಕ್ಕೇ ಆ ಗುಂಡಿಗೆ ತಾಮ್ರದ ಹೊದಿಕೆ. ಬಾಯಿಂದ ಮದ್ದು ಗಿಡಿಯುವ ನುಣುಪು ನಳಿಗೆಗೆ ಅಷ್ಟು ವೇಗವೂ ಇಲ್ಲ, ಅಂಥ ಗುರಿಯೂ ಇಲ್ಲ. ಇದನ್ನು ಗೌಡರೆದುರು ಹೇಳಿದವರಿಗೆ ಎರಡನೇ ಲೋಟ ಕಾಫಿ ಬರುವುದಿಲ್ಲ.

ಅಮೆರಿಕದಿಂದ ಬಂದ ತಮ್ಮನ ಮಗ ಒಮ್ಮೆ ತಲೆ ಕೆಡಿಸಿ ಹೋದ. “ಮೇಣ ಎಲ್ಲಾ ಹಳೇದಾಯ್ತು ದೊಡ್ಡಪ್ಪ. ಗ್ರಿಲ್ಲಿಗೆ ಪೌಡರ್ ಕೋಟಿಂಗ್ ಮಾಡ್ತಾರಲ್ಲ, ಅಲ್ಲಿ ಗುಂಡಿಗೂ ಅದೇ. ಪುಡಿ ಹಚ್ಚಿ ಓವನ್‌ನಲ್ಲಿ ಬೇಯಿಸ್ತಾರೆ.” ಹಾಸನದಿಂದ ಹಸಿರು ಪುಡಿ ಬಂತು. ಓವನ್ ಮನೆಯಲ್ಲೇ ಇತ್ತು, ಸೊಸೆ ಕೇಕಿಗೆಂದು ತಂದದ್ದು. ಟ್ರೇ ತುಂಬ ಹಸಿರು ಗುಂಡು ಕಂಡ ಗೌಡತಿ, “ರೀ, ಸೀಸ ಅಂದ್ರೆ ವಿಷ. ಮೊಮ್ಮಗೀಗೂ ಇದರಲ್ಲೇ ಬೇಯಿಸ್ಬೇಕಾ?” ಎಂದವರೇ ಓವನ್ನನ್ನು ಅಂಗಳಕ್ಕಿಳಿಸಿದರು. ಈಗ ಅದರಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಗೌಡರು ಮೇಣಕ್ಕೆ ಮರಳಿದ್ದಾರೆ.

ಗೌಡರಿಗೆ ಹೊಟ್ಟೆಕಿಚ್ಚೆಂದರೆ ಪಕ್ಕದ ಕೊಡಗಿನ ಮೇಲೆ. ಕೊಡವರಿಗೆ ಪರವಾನಗಿಯಿಂದ ವಿನಾಯಿತಿ, ಅದೂ 2029ರವರೆಗೆ. ಇಲ್ಲಿ ಚುನಾವಣೆ ಘೋಷಣೆಯಾದರೆ ಸಾಕು, ಕೋವಿ ಠಾಣೆಗೆ ಹೋಗಿ ರಸೀದಿ ಮನೆಗೆ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಕೋವಿಗೆ ಪೊಲೀಸರ ಮುಖ ಗೌಡರ ಮುಖದಷ್ಟೇ ಪರಿಚಯ.

ಆನೆಯೋ ಇಂಥ ಹೊತ್ತು ನೋಡಿಯೇ ಬರುತ್ತದೆ. ಕೋವಿ ಮನೆಯಲ್ಲಿದ್ದ ರಾತ್ರಿಯೂ ಹಾರುವುದು ಆಕಾಶಕ್ಕೊಂದು ಬರೀ ಮದ್ದಿನ ಈಡು. ಆನೆ ಕಿವಿ ಬೀಸಿ ಹಲಸಿನ ಮರದತ್ತ ನಡೆಯುತ್ತದೆ. ಉಳಿದದ್ದು ಅರಣ್ಯ ಇಲಾಖೆಯ ಹುಡುಗರ ಪಟಾಕಿ ಪಾಲು.

ಮೇಣದ ಗುಂಡುಗಳು ಹಾರ್ಲಿಕ್ಸ್ ಬಾಟಲಿಯಲ್ಲಿ ಹೊಳೆಯುತ್ತಿವೆ. ಹೋದವರ ಅಂಗೈಗೆ ಗೌಡರು ಒಂದೊಂದನ್ನು ಇಟ್ಟೇ ಇಡುತ್ತಾರೆ. ನೋಡಿ, ಹೊಗಳಿ. ಆಮೇಲೆ ಸೋಪು ಹಾಕಿ ಕೈ ತೊಳೆದು ಕಡುಬಿಗೆ ಕೂರಿ.